ತಟಸ್ಥ ಅಮೆರಿಕ ಮಿತ್ರರಾಷ್ಟ್ರಗಳ ಶಸ್ತ್ರಾಗಾರವಾದದ್ದು: 1935ರಿಂದ 1941ರ ನಡುವೆ ನಿಜವಾದ ತಿರುವು ಯಾವುದು?

ತುಂಗಾತೀರ

1935ರ ಆಗಸ್ಟ್ 31ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಟಸ್ಥತಾ ಕಾಯ್ದೆ ಎಂಬ ಕಾಯ್ದೆಗೆ ಸಹಿ ಹಾಕಿದರು. ಯುದ್ಧದಲ್ಲಿ ತೊಡಗಿರುವ ದೇಶ ದಾಳಿ ಮಾಡಿದ್ದೋ ದಾಳಿಗೆ ಸಿಕ್ಕಿದ್ದೋ ಎಂದು ನೋಡದೆ, ಇಬ್ಬರಿಗೂ ಅಮೆರಿಕದ ಶಸ್ತ್ರಾಸ್ತ್ರ ಮಾರಬಾರದು ಎಂಬುದು ಅದರ ತಿರುಳು. 1941ರ ಮಾರ್ಚ್ 11ರಂದು ಅದೇ ಅಧ್ಯಕ್ಷರು ಲೆಂಡ್-ಲೀಸ್ ಕಾಯ್ದೆಗೆ ಸಹಿ ಹಾಕಿದರು. ಅಮೆರಿಕದ ರಕ್ಷಣೆಗೆ ಮುಖ್ಯವೆಂದು ತಮಗೆ ತೋರಿದ ಯಾವ ದೇಶಕ್ಕಾದರೂ ಶಸ್ತ್ರ, ಹಡಗು, ಆಹಾರವನ್ನು ಮಾರಲು, ಎರವಲು ಅಥವಾ ಗುತ್ತಿಗೆಗೆ ಕೊಡಲು ಅದು ಅವರಿಗೆ ಅಧಿಕಾರ ಕೊಟ್ಟಿತು. ಆಗಿನ್ನೂ ಅಮೆರಿಕ ಯುದ್ಧದಲ್ಲಿರಲಿಲ್ಲ. ಅದನ್ನು ಯುದ್ಧಕ್ಕೆ ಎಳೆದ ಜಪಾನಿನ ಪರ್ಲ್ ಹಾರ್ಬರ್ ದಾಳಿಗೆ ಒಂಬತ್ತು ತಿಂಗಳು ಬಾಕಿಯಿತ್ತು.

ಆರು ವರ್ಷವೂ ತುಂಬದ ಅವಧಿಯಲ್ಲಿ ಒಂದು ದೇಶ ಇಷ್ಟು ದೂರ ನಡೆದದ್ದು ಹೇಗೆ, ಮತ್ತು ಈ ದಾರಿಯಲ್ಲಿ ಹಿಂದಿರುಗಲಾಗದ ಹೆಜ್ಜೆ ಯಾವುದು ಎಂಬುದು ನನ್ನ ಪ್ರಶ್ನೆ. ಸಾಮಾನ್ಯವಾಗಿ ಎಲ್ಲರೂ ಲೆಂಡ್-ಲೀಸ್ ಕಡೆಗೆ ಬೆರಳು ತೋರಿಸುತ್ತಾರೆ. ನನಗೆ 1939ರ ನವೆಂಬರ್ 4ರ ತಿದ್ದುಪಡಿಯೇ ನಿಜವಾದ ತಿರುವು ಎನಿಸುತ್ತದೆ. ಅಂದು ಶಸ್ತ್ರ ನಿರ್ಬಂಧ ತೆರವಾಗಿ, ನಗದು ಕೊಟ್ಟು ತಮ್ಮದೇ ಹಡಗಿನಲ್ಲಿ ಸಾಗಿಸಿಕೊಳ್ಳುವ ಯಾರಿಗಾದರೂ ಮಾರಬಹುದು ಎಂದಾಯಿತು. ಒಪ್ಪದವರು ಕಾರಣ ಸಹಿತ ಬರೆಯಿರಿ.

ಕಡಲಹಕ್ಕಿ

1941ರ ಮಾರ್ಚ್. ಅದಕ್ಕೆ ಮುಂಚೆ ನಡೆದದ್ದೆಲ್ಲ ವ್ಯಾಪಾರ, ಆಮೇಲೆ ನಡೆದದ್ದು ಯುದ್ಧ. ಇದರಲ್ಲಿ ಚರ್ಚೆಗೆ ಏನು ಉಳಿದಿದೆ?

ಶಾಸನಪ್ರಿಯ

ಚರ್ಚೆಗೆ ಬಹಳಷ್ಟು ಉಳಿದಿದೆ, ಕಡಲಹಕ್ಕಿಯವರೇ. ಮೊದಲು ಆ ಕಾಯ್ದೆಗಳು ಎಲ್ಲಿಂದ ಬಂದವು ಎಂದು ನೋಡೋಣ. ಮೊದಲ ಮಹಾಯುದ್ಧದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ಯುರೋಪಿನ ಮಿತ್ರರು ಆಗ ಪಡೆದ ಸಾಲವನ್ನು 1930ರ ದಶಕದ ಆರ್ಥಿಕ ಕುಸಿತದಲ್ಲಿ ತೀರಿಸದೆ ನಿಲ್ಲಿಸಿದ್ದರು. ಫಿನ್‌ಲ್ಯಾಂಡ್ ಒಂದೇ ಕಂತು ತಪ್ಪಿಸದೆ ಕಟ್ಟುತ್ತಿತ್ತು. ಅದಕ್ಕೇ 1934ರ ಜಾನ್ಸನ್ ಕಾಯ್ದೆ ಬಂತು: ಹಳೆಯ ಬಾಕಿ ಉಳಿಸಿಕೊಂಡ ಸರ್ಕಾರಗಳಿಗೆ ಹೊಸ ಸಾಲವಿಲ್ಲ. ಅದೇ ವರ್ಷ ಉತ್ತರ ಡಕೋಟದ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ಶಸ್ತ್ರ ತಯಾರಕರ ಮತ್ತು ಬ್ಯಾಂಕುಗಳ ಲಾಭವನ್ನು ತನಿಖೆ ಮಾಡಲು ಕುಳಿತಿತು. 1917ರಲ್ಲಿ ದೇಶವನ್ನು ಯುದ್ಧಕ್ಕೆ ತಳ್ಳಿದ ಪಿತೂರಿ ಇತ್ತೆಂದು ಸಮಿತಿಗೆ ಸಾಬೀತು ಮಾಡಲಾಗಲಿಲ್ಲ. ಆದರೆ ಅಮೆರಿಕದ ಬ್ಯಾಂಕುಗಳು ಮಿತ್ರಪಕ್ಷಕ್ಕೆ ಸುಮಾರು 230 ಕೋಟಿ ಡಾಲರ್ ಸಾಲ ಕೊಟ್ಟಿದ್ದಾಗ ಜರ್ಮನಿಗೆ ಕೊಟ್ಟದ್ದು ಕೇವಲ 2.7 ಕೋಟಿ ಎಂಬ ಲೆಕ್ಕವೇ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು.

1935, 1936, 1937ರ ಕಾಯ್ದೆಗಳು ಈ ನೆನಪಿನ ಮಕ್ಕಳು. ಮೊದಲನೆಯದು ಶಸ್ತ್ರ ನಿಲ್ಲಿಸಿತು, ಎರಡನೆಯದು ಸಾಲ ನಿಲ್ಲಿಸಿತು, ಮೂರನೆಯದು ಅಮೆರಿಕನ್ನರು ಯುದ್ಧನಿರತ ದೇಶಗಳ ಹಡಗು ಹತ್ತುವುದನ್ನೇ ನಿಷೇಧಿಸಿತು. 1917ರ ಯುದ್ಧವನ್ನು ತಪ್ಪಿಸಲು 1937ರಲ್ಲಿ ಬರೆದ ಕಾನೂನುಗಳು ಎಂದು ಇವನ್ನು ಕರೆದರೆ ಹೆಚ್ಚೇನೂ ತಪ್ಪಾಗದು.

ಆದರೆ ತುಂಗಾತೀರ ಅವರು ಗಮನಿಸಬೇಕಾದ ಒಂದು ಸಂಗತಿಯಿದೆ. ನಗದು ಕೊಟ್ಟು ಸಾಗಿಸಿಕೊಳ್ಳಿ ಎಂಬ ಏರ್ಪಾಟು 1939ರಲ್ಲಿ ಹುಟ್ಟಿದ್ದಲ್ಲ, 1937ರ ಮೇ ತಿಂಗಳಿನದು. ಆಗ ಅದು ಶಸ್ತ್ರಗಳಿಗಲ್ಲದ ಸರಕುಗಳಿಗೆ, ಎರಡು ವರ್ಷದ ಮಟ್ಟಿಗೆ ಇತ್ತು. 1939ರಲ್ಲಿ ಆದದ್ದು ಅದರ ವಿಸ್ತರಣೆ.

ತುಂಗಾತೀರ

ವಿಸ್ತರಣೆ ಎಂದು ಅಷ್ಟು ಸಲೀಸಾಗಿ ಹೇಳಲಾಗದು. ಹತ್ತಿ, ಗೋಧಿ ಮಾರುವುದು ಒಂದು, ಬಾಂಬರ್ ವಿಮಾನ ಮಾರುವುದು ಇನ್ನೊಂದು. ಅದಕ್ಕಾಗಿ ರೂಸ್‌ವೆಲ್ಟ್ ಎಷ್ಟು ಕಾಯಬೇಕಾಯಿತು ನೋಡಿ. 1939ರ ಜುಲೈ 18ರಂದು ಅವರು ಸೆನೆಟ್ ನಾಯಕರನ್ನು ಶ್ವೇತಭವನಕ್ಕೆ ಕರೆದು ನಿರ್ಬಂಧ ತೆಗೆಯಿರೆಂದು ಕೇಳಿಕೊಂಡರು. ಯುರೋಪಿನಲ್ಲಿ ಸದ್ಯಕ್ಕೆ ಯುದ್ಧವಾಗುವುದಿಲ್ಲ, ವಿದೇಶಾಂಗ ಇಲಾಖೆಗಿಂತ ಉತ್ತಮ ಮಾಹಿತಿ ನನ್ನ ಬಳಿಯಿದೆ ಎಂದು ಐಡಹೊದ ಸೆನೆಟರ್ ಬೋರಾ ವಾದಿಸಿದರು. ಕೊನೆಗೆ ಉಪಾಧ್ಯಕ್ಷ ಗಾರ್ನರ್ ಎಲ್ಲರ ಅಭಿಪ್ರಾಯ ಕೇಳಿ, ನಿಮಗೆ ಮತಗಳಿಲ್ಲ ಎಂದು ಅಧ್ಯಕ್ಷರಿಗೆ ನೇರವಾಗಿ ಹೇಳಿಬಿಟ್ಟರು. ಏಳು ವಾರದೊಳಗೆ ಹಿಟ್ಲರ್ ಪೋಲೆಂಡಿನೊಳಗೆ ನುಗ್ಗಿದ್ದ. ಅಕ್ಟೋಬರಿನಲ್ಲಿ ಅದೇ ಸೆನೆಟ್ 63ಕ್ಕೆ 30 ಮತಗಳಿಂದ ತಿದ್ದುಪಡಿಗೆ ಒಪ್ಪಿತು.

ಹೊಳೆಸಾಲು

ಇಲ್ಲಿಯವರೆಗೆ ಎಲ್ಲರೂ 1935ರ ಅಮೆರಿಕವನ್ನು ನಿಜವಾಗಿಯೂ ತಟಸ್ಥ ಎಂದು ಒಪ್ಪಿಕೊಂಡೇ ಮಾತನಾಡುತ್ತಿದ್ದೀರಿ. ನನ್ನ ತಕರಾರು ಅಲ್ಲೇ ಇದೆ.

ಇಟಲಿ 1935ರ ಅಕ್ಟೋಬರಿನಲ್ಲಿ ಇಥಿಯೋಪಿಯದ ಮೇಲೆ ದಾಳಿ ಮಾಡಿತು. ಅಮೆರಿಕ ಇಬ್ಬರಿಗೂ ಶಸ್ತ್ರ ನಿಲ್ಲಿಸಿತು. ಇಟಲಿಗೆ ಅಮೆರಿಕದ ಬಂದೂಕು ಬೇಕಿರಲಿಲ್ಲ. ಬೇಕಿದ್ದದ್ದು ತೈಲ, ಅದು ಶಸ್ತ್ರಗಳ ಪಟ್ಟಿಯಲ್ಲಿರಲಿಲ್ಲ. ನೈತಿಕ ನಿರ್ಬಂಧ ಎಂಬ ಹೆಸರಿನಲ್ಲಿ ಸರ್ಕಾರ ಮನವಿ ಮಾಡಿದರೂ ವ್ಯಾಪಾರಿಗಳು ಮಾರಿದರು. 1937ರ ಜನವರಿಯಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೂ ನಿರ್ಬಂಧ ಹಬ್ಬಿತು. ಅತ್ತ ಸರ್ಕಾರದ ವಿರುದ್ಧ ಬಂಡೆದ್ದ ಫ್ರಾಂಕೊಗೆ ಜರ್ಮನಿ ಮತ್ತು ಇಟಲಿಯಿಂದ ವಿಮಾನ, ಸೈನಿಕರು ಬರುತ್ತಿದ್ದರು. ಇತ್ತ ಜನರಿಂದ ಆಯ್ಕೆಯಾದ ಗಣರಾಜ್ಯ ಸರ್ಕಾರ ಕೈಯಲ್ಲಿ ಹಣ ಹಿಡಿದುಕೊಂಡು ಬಂದರೂ ಅಮೆರಿಕದಲ್ಲಿ ಒಂದು ಗುಂಡು ಸಿಗುತ್ತಿರಲಿಲ್ಲ.

ಚೀನಾದ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. 1937ರ ಜುಲೈನಿಂದ ಚೀನಾ ಮತ್ತು ಜಪಾನ್ ಬಹಿರಂಗವಾಗಿ ಕಾದಾಡುತ್ತಿದ್ದರೂ ಎರಡೂ ದೇಶಗಳು ಯುದ್ಧ ಘೋಷಿಸಿರಲಿಲ್ಲ. ಅದನ್ನೇ ನೆಪವಾಗಿಟ್ಟುಕೊಂಡು ರೂಸ್‌ವೆಲ್ಟ್ ಅಲ್ಲಿಗೆ ತಟಸ್ಥತಾ ಕಾಯ್ದೆಯನ್ನು ಅನ್ವಯಿಸಲೇ ಇಲ್ಲ. ಕಾರಣ ಸರಳವಾಗಿತ್ತು. ಅಟ್ಲಾಂಟಿಕ್ ಸಾಗರದಲ್ಲಿ ನಗದು ಮತ್ತು ಹಡಗು ಎರಡೂ ಬ್ರಿಟನ್ನಿನ ಬಳಿ ಇದ್ದವು, ಹಾಗಾಗಿ ಆ ನಿಯಮ ಬ್ರಿಟನ್ನಿಗೆ ಅನುಕೂಲ. ಪೆಸಿಫಿಕ್‌ನಲ್ಲಿ ಅವೆರಡೂ ಇದ್ದದ್ದು ಜಪಾನಿನ ಬಳಿ. ಒಂದೇ ಕಾನೂನು ಒಂದು ಸಾಗರದಲ್ಲಿ ಪ್ರಜಾಪ್ರಭುತ್ವದ ಪರವಾಗಿ, ಇನ್ನೊಂದರಲ್ಲಿ ಆಕ್ರಮಣದ ಪರವಾಗಿ ಕೆಲಸ ಮಾಡುತ್ತಿತ್ತು. ಎರಡು ಕಡೆಗೂ ಒಂದೇ ಅಳತೆ ಎಂದು ಬರೆದ ಕಾನೂನು ಎಂದೂ ಎರಡು ಕಡೆಗೂ ಒಂದೇ ಆಗಿರಲಿಲ್ಲ, ಆದ್ದರಿಂದ ತಟಸ್ಥತೆ ಯಾವಾಗ ಮುಗಿಯಿತು ಎಂಬ ಪ್ರಶ್ನೆಗಿಂತ ಅದು ಯಾರ ಪರವಾಗಿ ವಾಲುತ್ತಿತ್ತು ಎಂಬ ಪ್ರಶ್ನೆಯೇ ಸರಿ.

ಕಡಲಹಕ್ಕಿ

ಈ ಪೆಸಿಫಿಕ್ ವಿಷಯ ಒಪ್ಪುತ್ತೇನೆ. ಆದರೂ ಅದೇ ಅಮೆರಿಕ 1941ರ ಜುಲೈವರೆಗೆ ಜಪಾನಿಗೆ ತೈಲ ಮಾರುತ್ತಲೇ ಇತ್ತಲ್ಲ? ಜಪಾನಿನ ಆಮದು ತೈಲದ ಬಹುಪಾಲು ಅಮೆರಿಕದ್ದೇ. ಚೀನಾದ ನಗರಗಳ ಮೇಲೆ ಹಾರಿದ ವಿಮಾನಗಳಿಗೆ ಕ್ಯಾಲಿಫೋರ್ನಿಯದ ಪೆಟ್ರೋಲು.

ಹೊಳೆಸಾಲು

ನಾನು ಹೇಳಿದ್ದಕ್ಕೆ ಅದೇ ಪುರಾವೆ. ತೈಲ ನಿಲ್ಲಿಸಿದರೆ ಜಪಾನ್ ಡಚ್ ಈಸ್ಟ್ ಇಂಡೀಸ್ ಮೇಲೆ ಎರಗುತ್ತದೆ ಎಂಬ ಹೆದರಿಕೆ ಇತ್ತು. 1940ರ ಸೆಪ್ಟೆಂಬರಿನಲ್ಲಿ ಗುಜರಿ ಕಬ್ಬಿಣ ನಿಲ್ಲಿಸಿದರು, 1941ರ ಜುಲೈ ಕೊನೆಗೆ ಜಪಾನಿನ ಆಸ್ತಿ ಸ್ತಂಭನ ಮಾಡಿ ತೈಲವನ್ನೂ ನಿಲ್ಲಿಸಿದರು. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು.

ಗಡಿಯಂಚು

1939-40ರ ನಿಯಮಗಳು ಎಷ್ಟು ವಿಚಿತ್ರವಾಗಿದ್ದವು ಎಂಬುದಕ್ಕೆ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವೊಂದಿದೆ. ಕೆನಡಾ ಆಗ ಯುದ್ಧನಿರತ ದೇಶ. ಬ್ರಿಟನ್ ಖರೀದಿಸಿದ ಹಡ್ಸನ್ ಬಾಂಬರ್ ವಿಮಾನಗಳನ್ನು ಅಮೆರಿಕದ ಪೈಲಟ್‌ಗಳು ಗಡಿ ದಾಟಿಸಿ ಹಾರಿಸಿಕೊಂಡು ಹೋಗುವಂತಿರಲಿಲ್ಲ. ಅದಕ್ಕಾಗಿ ಉತ್ತರ ಡಕೋಟದ ಪೆಂಬಿನಾ ಬಳಿ ಗಡಿಗೆ ತಾಗಿದ ಬಯಲಿನಲ್ಲಿ ವಿಮಾನ ಇಳಿಸುತ್ತಿದ್ದರು; ಅಲ್ಲಿಂದ ಕುದುರೆ ಕಟ್ಟಿ ಎಳೆದು ಗೆರೆ ದಾಟಿಸಿ, ಅತ್ತ ಕಡೆಯಿಂದ ಇನ್ನೊಬ್ಬ ಪೈಲಟ್ ಹಾರಿಸಿಕೊಂಡು ಹೋಗುತ್ತಿದ್ದ. ಅಂದಿನ ಅತ್ಯಾಧುನಿಕ ವಿಮಾನ ಕುದುರೆಯ ಹಿಂದೆ ಹೋಗುವ ಛಾಯಾಚಿತ್ರಗಳು ಈಗಲೂ ನೋಡಸಿಗುತ್ತವೆ. ಆ ಊರು ಸೆನೆಟರ್ ನೈ ಅವರ ರಾಜ್ಯದಲ್ಲೇ ಇದ್ದದ್ದು ಕಾಕತಾಳೀಯ.

ಮೇಷ್ಟ್ರು_ನಿವೃತ್ತ

ಕಾನೂನಿನ ಅಕ್ಷರವನ್ನು ಕಾಪಾಡಿ ಅದರ ಉಸಿರು ತೆಗೆಯುವುದು ಎಂದರೆ ಇದೇ.

ಶಾಸನಪ್ರಿಯ

ಮೇಷ್ಟ್ರೇ, ಅಕ್ಷರವನ್ನೂ ಕಾಪಾಡದೆ ಹೋದದ್ದು 1940ರಲ್ಲಿ. ಜೂನ್‌ನಲ್ಲಿ ಫ್ರಾನ್ಸ್ ಬಿದ್ದಿತು. ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಬ್ರಿಟಿಷ್ ಸೈನ್ಯ ಜೀವ ಉಳಿಸಿಕೊಂಡು ಬಂದಿತ್ತು, ಫಿರಂಗಿಗಳನ್ನೆಲ್ಲ ಅಲ್ಲೇ ಬಿಟ್ಟು. ಅಮೆರಿಕ ಸರ್ಕಾರವೇ ಸೇನೆಯ ಶಸ್ತ್ರವನ್ನು ಯುದ್ಧನಿರತ ದೇಶಕ್ಕೆ ನೇರವಾಗಿ ಮಾರುವಂತಿರಲಿಲ್ಲ. ಹಾಗಾಗಿ ಮೊದಲ ಮಹಾಯುದ್ಧ ಕಾಲದ ಸುಮಾರು ಐದು ಲಕ್ಷ ಬಂದೂಕು ಮತ್ತು 900 ಫಿರಂಗಿಗಳನ್ನು ಹೆಚ್ಚುವರಿ ಎಂದು ಘೋಷಿಸಿ, ಯುಎಸ್ ಸ್ಟೀಲ್ ಕಂಪನಿಗೆ ಮಾರಿ, ಆ ಕಂಪನಿಯ ಮೂಲಕ ಬ್ರಿಟನ್ನಿಗೆ ಮಾರಿಸಿದರು. ಅದೇ ಜೂನ್ 10ರಂದು ಇಟಲಿ ಯುದ್ಧಕ್ಕಿಳಿದಾಗ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ಮಾತನಾಡಿದ ರೂಸ್‌ವೆಲ್ಟ್, ಆಕ್ರಮಣವನ್ನು ಎದುರಿಸುವವರಿಗೆ ಈ ದೇಶದ ಸಂಪನ್ಮೂಲ ಒದಗಿಸುತ್ತೇವೆ ಎಂದು ಬಹಿರಂಗವಾಗಿ ಸಾರಿದರು. ತಟಸ್ಥ ದೇಶದ ಮುಖ್ಯಸ್ಥ ಆಡುವ ಮಾತು ಅದಲ್ಲ.

ಸೆಪ್ಟೆಂಬರ್ 2ರಂದು ಐವತ್ತು ಹಳೆಯ ಡೆಸ್ಟ್ರಾಯರ್ ಹಡಗುಗಳನ್ನು ಬ್ರಿಟನ್ನಿಗೆ ಕೊಟ್ಟರು. ಪ್ರತಿಯಾಗಿ ನ್ಯೂಫೌಂಡ್‌ಲ್ಯಾಂಡ್, ಬರ್ಮುಡಾ, ಬಹಾಮಾಸ್, ಜಮೈಕಾ, ಟ್ರಿನಿಡಾಡ್ ಮೊದಲಾದ ಕಡೆ 99 ವರ್ಷಗಳ ಗುತ್ತಿಗೆಯ ನೆಲೆಗಳು ಬಂದವು. ಇದಕ್ಕೆ ಅಮೆರಿಕದ ಸಂಸತ್ತಿನ ಒಪ್ಪಿಗೆಯನ್ನೇ ಕೇಳಲಿಲ್ಲ. ಅಟಾರ್ನಿ ಜನರಲ್ ರಾಬರ್ಟ್ ಜಾಕ್ಸನ್ ಅವರಿಂದ ಕಾನೂನು ಅಭಿಪ್ರಾಯ ಬರೆಸಿಕೊಂಡು ಕಾರ್ಯಾಂಗದ ಒಪ್ಪಂದವಾಗಿ ಮುಗಿಸಿದರು. ಯುದ್ಧನಿರತ ದೇಶಕ್ಕೆ ಯುದ್ಧನೌಕೆ ಕೊಟ್ಟ ದೇಶ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ತಟಸ್ಥವಲ್ಲ. ನನ್ನ ಮಟ್ಟಿಗೆ ತಿರುವು ಆ ದಿನ.

ಗಡಿಯಂಚು

ಆ ಹಡಗುಗಳು ಎಷ್ಟು ಹಳೆಯವೆಂದರೆ ಹೆಚ್ಚಿನವು ರಿಪೇರಿಗೇ ತಿಂಗಳುಗಟ್ಟಲೆ ಬಂದರಿನಲ್ಲಿ ನಿಂತವು. ಅವುಗಳಿಂದ ಯುದ್ಧ ಗೆದ್ದರು ಎನ್ನುವುದು ಉತ್ಪ್ರೇಕ್ಷೆ.

ಕಡಲಹಕ್ಕಿ

ಒಂದಂತೂ ತನ್ನ ಬೆಲೆ ತೀರಿಸಿತು. ಬ್ಯುಕ್ಯಾನನ್ ಎಂಬ ಅಮೆರಿಕನ್ ಹಡಗು ಬ್ರಿಟನ್ನಿನಲ್ಲಿ ಕ್ಯಾಂಪ್‌ಬೆಲ್‌ಟೌನ್ ಆಯಿತು. 1942ರ ಮಾರ್ಚ್ 28ರಂದು ಮೂತಿಯಲ್ಲಿ ಸ್ಫೋಟಕ ತುಂಬಿಕೊಂಡು ಫ್ರಾನ್ಸಿನ ಸೇಂಟ್ ನಜೈರ್ ಬಂದರಿನ ಒಣಕಟ್ಟೆಯ ಬಾಗಿಲಿಗೆ ಡಿಕ್ಕಿ ಹೊಡೆದು ಸ್ಫೋಟಿಸಿತು. ಟರ್ಪಿಟ್ಜ್‌ನಂಥ ದೊಡ್ಡ ಜರ್ಮನ್ ಯುದ್ಧನೌಕೆಯನ್ನು ರಿಪೇರಿ ಮಾಡಬಲ್ಲ ಅಟ್ಲಾಂಟಿಕ್ ತೀರದ ಆ ಒಂದೇ ಕಟ್ಟೆ ಯುದ್ಧ ಮುಗಿಯುವವರೆಗೂ ಬಳಕೆಗೆ ಬರಲಿಲ್ಲ.

ಮೇಷ್ಟ್ರು_ನಿವೃತ್ತ

ಇಲ್ಲಿ ಎಲ್ಲರೂ ರೂಸ್‌ವೆಲ್ಟ್ ಅವರ ಜಾಣತನವನ್ನು ಮೆಚ್ಚುತ್ತಿದ್ದೀರಿ. ವಿರೋಧಿಸಿದವರನ್ನು ಮೂರ್ಖರೆಂದು ತಳ್ಳಿಹಾಕುವ ಮೊದಲು ಅವರ ವಾದವನ್ನೂ ಕೇಳಬೇಕು. ಓಹಾಯೊದ ಸೆನೆಟರ್ ರಾಬರ್ಟ್ ಟಾಫ್ಟ್, ಮೊಂಟಾನದ ಸೆನೆಟರ್ ಬರ್ಟನ್ ವೀಲರ್ ಇವರೆಲ್ಲ ಹಿಟ್ಲರನ ಅಭಿಮಾನಿಗಳಾಗಿರಲಿಲ್ಲ. ವೀಲರ್ ಸ್ವತಃ ರೂಸ್‌ವೆಲ್ಟ್ ಪಕ್ಷದವರು. ಅವರ ಆತಂಕ ಎರಡು ಬಗೆಯದು. ಒಂದು, ಸಹಾಯ ಎಂದು ಹೊರಟದ್ದು ಸೈನಿಕರಲ್ಲಿ ಕೊನೆಗೊಳ್ಳುತ್ತದೆ. 1917ರಲ್ಲಿ ಹಾಗೆಯೇ ಆಗಿತ್ತು. ಇನ್ನೊಂದು, ಯುದ್ಧ ಮಾಡುವ ಅಧಿಕಾರ ಸಂವಿಧಾನದ ಪ್ರಕಾರ ಸಂಸತ್ತಿನದು. ಅದು ಒಬ್ಬ ವ್ಯಕ್ತಿಯ ಕೈಗೆ ಜಾರುತ್ತಿದೆ. ಎರಡೂ ಆತಂಕಗಳು ನಿಜವಾದವು ಎಂಬುದನ್ನು ನಂತರದ ಎಂಬತ್ತು ವರ್ಷಗಳ ಅಮೆರಿಕದ ಚರಿತ್ರೆ ಬಲ್ಲವರು ಅಲ್ಲಗಳೆಯಲಾರರು.

1940ರ ಅಕ್ಟೋಬರ್ 30ರಂದು, ಚುನಾವಣೆಗೆ ಒಂದು ವಾರವೂ ಇಲ್ಲದಾಗ, ನಿಮ್ಮ ಹುಡುಗರನ್ನು ಯಾವುದೇ ವಿದೇಶಿ ಯುದ್ಧಕ್ಕೆ ಕಳುಹಿಸುವುದಿಲ್ಲ ಎಂದು ರೂಸ್‌ವೆಲ್ಟ್ ಬಾಸ್ಟನ್ನಿನಲ್ಲಿ ತಾಯಿತಂದೆಯರಿಗೆ ಮಾತು ಕೊಟ್ಟರು. ಅಷ್ಟರಲ್ಲೇ ಶಾಂತಿಕಾಲದ ಮೊದಲ ಕಡ್ಡಾಯ ಸೇನಾ ಭರ್ತಿ ಕಾಯ್ದೆ ಜಾರಿಯಾಗಿತ್ತು. ಹಾಗಿದ್ದರೂ ಟಾಫ್ಟ್ ಸುಳ್ಳುಗಾರರೇ?

ಹೊಳೆಸಾಲು

ಮೇಷ್ಟ್ರೇ, ಟಾಫ್ಟ್ ಅವರ ಸಂವಿಧಾನ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಬಣದಲ್ಲಿ ಅವರೊಬ್ಬರೇ ಇರಲಿಲ್ಲ. 1940ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಅಮೆರಿಕ ಫಸ್ಟ್ ಕಮಿಟಿಗೆ ಸುಮಾರು ಎಂಟು ಲಕ್ಷ ಸದಸ್ಯರಿದ್ದರು. ಅದರ ಅತ್ಯಂತ ಜನಪ್ರಿಯ ಭಾಷಣಕಾರ, ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್, 1941ರ ಸೆಪ್ಟೆಂಬರ್ 11ರಂದು ಡೆ ಮೊಯಿನ್ ನಗರದಲ್ಲಿ ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್‌ವೆಲ್ಟ್ ಆಡಳಿತ ಎಂದು ಬಹಿರಂಗವಾಗಿ ಹೇಳಿದರು. ಆ ಮಾತು ಅವರದೇ ಬಣಕ್ಕೆ ಮೈಲಿಗೆ ಅಂಟಿಸಿತು. ಒಳ್ಳೆಯ ವಾದವನ್ನು ಕೆಟ್ಟ ಸಂಗಡಿಗರು ಹಾಳುಮಾಡುವುದು ಇದೇ ಮೊದಲಲ್ಲ.

ಮೇಷ್ಟ್ರು_ನಿವೃತ್ತ

ಸಂಗಡಿಗರ ತಪ್ಪಿಗೆ ವಾದವನ್ನು ಶಿಕ್ಷಿಸಬಾರದು. ಇಷ್ಟನ್ನೇ ನಾನು ಹೇಳಿದ್ದು.

ಲೆಕ್ಕಿಗ

ನೀವೆಲ್ಲ ಭಾಷಣ, ಮತ, ಕಾಯ್ದೆಗಳ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಹಣದ ಬಗ್ಗೆ ಹೇಳುತ್ತೇನೆ, ಏಕೆಂದರೆ ತಿರುವನ್ನು ನಿರ್ಧರಿಸಿದ್ದು ಬ್ರಿಟನ್ನಿನ ಖಾಲಿ ಖಜಾನೆ.

ನಗದು ಕೊಟ್ಟು ಸಾಗಿಸಿಕೊಳ್ಳುವ ಪದ್ಧತಿ ನಡೆಯಲು ನಗದು ಇರಬೇಕು. 1940ರ ಡಿಸೆಂಬರಿನಲ್ಲಿ ಚರ್ಚಿಲ್ ರೂಸ್‌ವೆಲ್ಟ್‌ಗೆ ದೀರ್ಘವಾದ ಪತ್ರ ಬರೆದು, ಹಡಗಿಗೂ ಸರಕಿಗೂ ನಗದು ಕೊಡಲಾಗದ ದಿನ ಹತ್ತಿರ ಬರುತ್ತಿದೆ ಎಂದು ತಿಳಿಸಿದರು. ಕೆರಿಬಿಯನ್ ಸಮುದ್ರದಲ್ಲಿ ಟಸ್ಕಲೂಸಾ ನೌಕೆಯ ಮೇಲೆ ವಿಶ್ರಾಂತಿಯಲ್ಲಿದ್ದ ಅಧ್ಯಕ್ಷರಿಗೆ ಅದು ತಲುಪಿತು. ಹಿಂದಿರುಗಿದ ಮೇಲೆ, ಡಿಸೆಂಬರ್ 17ರಂದು, ಪತ್ರಕರ್ತರ ಮುಂದೆ ಅವರು ಆ ಪ್ರಸಿದ್ಧ ಉದಾಹರಣೆ ಕೊಟ್ಟರು: ನೆರೆಮನೆಗೆ ಬೆಂಕಿ ಬಿದ್ದಾಗ ನನ್ನ ತೋಟದ ನೀರಿನ ಕೊಳವೆಯ ಬೆಲೆ ಕೇಳುವುದಿಲ್ಲ, ಬೆಂಕಿ ಆರಿದ ಮೇಲೆ ಕೊಳವೆ ಹಿಂದಿರುಗಿಸಿದರೆ ಸಾಕು. ಟಾಫ್ಟ್ ಅವರ ಉತ್ತರವೂ ಚೆನ್ನಾಗಿತ್ತು: ಯುದ್ಧ ಸಾಮಗ್ರಿ ಎರವಲು ಕೊಡುವುದು ಚ್ಯೂಯಿಂಗ್ ಗಮ್ ಎರವಲು ಕೊಟ್ಟಂತೆ, ಅಗಿದದ್ದನ್ನು ಯಾರೂ ವಾಪಸು ಕೇಳುವುದಿಲ್ಲ.

ಆದರೆ ಈ ಔದಾರ್ಯದ ಕಥೆಯ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ. ಮಸೂದೆ ಚರ್ಚೆಯಲ್ಲಿದ್ದಾಗಲೇ ಲೂಯಿವಿಲ್ ಎಂಬ ಅಮೆರಿಕನ್ ಯುದ್ಧನೌಕೆ ದಕ್ಷಿಣ ಆಫ್ರಿಕದ ಸೈಮನ್ಸ್ ಟೌನ್‌ಗೆ ಹೋಗಿ ಬ್ರಿಟನ್ನಿನ ಚಿನ್ನವನ್ನು ತುಂಬಿಕೊಂಡು ಬಂತು. ಬ್ರಿಟನ್ ನಿಜವಾಗಿಯೂ ಬರಿಗೈಯಾಗಿದೆ ಎಂದು ಅಮೆರಿಕದ ಸಂಸತ್ತಿಗೆ ತೋರಿಸಲು, ಬ್ರಿಟನ್ನಿನ ಕೋರ್ಟಾಲ್ಡ್ಸ್ ಕಂಪನಿಗೆ ಸೇರಿದ ಅಮೆರಿಕನ್ ವಿಸ್ಕೋಸ್ ಎಂಬ ಲಾಭದಾಯಕ ಉದ್ಯಮವನ್ನು 1941ರ ಮಾರ್ಚ್‌ನಲ್ಲಿ ಅವಸರದಲ್ಲಿ, ಅದರ ಯೋಗ್ಯತೆಗಿಂತ ತೀರ ಕಡಿಮೆ ಬೆಲೆಗೆ ಮಾರಿಸಿದರು. 1942ರ ಫೆಬ್ರುವರಿಯ ಒಪ್ಪಂದದ ಏಳನೆಯ ವಿಧಿಯಲ್ಲಿ, ವ್ಯಾಪಾರದಲ್ಲಿನ ತಾರತಮ್ಯವನ್ನು ತೆಗೆದುಹಾಕುವ ದಿಕ್ಕಿನಲ್ಲಿ ಕೆಲಸ ಮಾಡುತ್ತೇವೆ ಎಂದು ಬ್ರಿಟನ್ನಿನಿಂದ ಬರೆಸಿಕೊಂಡರು. ಅಂದರೆ, ಸಾಮ್ರಾಜ್ಯದೊಳಗಿನ ದೇಶಗಳಿಗೆ ಮಾತ್ರ ಸುಂಕದಲ್ಲಿ ರಿಯಾಯಿತಿ ಕೊಡುವ ಪದ್ಧತಿಗೆ ಕೊಡಲಿ ಬಿತ್ತು. ಎರವಲು ಕೊಟ್ಟವನು ಕೊಳವೆಯನ್ನು ವಾಪಸು ಕೇಳಲಿಲ್ಲ ನಿಜ. ನೆರೆಮನೆಯ ಬೀಗದ ಕೈ ಕೇಳಿದ.

ತುಂಗಾತೀರ

ಕೊನೆಯ ವಾಕ್ಯ ತುಸು ಕಠೋರವಾಯಿತು. ಒಟ್ಟು ಲೆಂಡ್-ಲೀಸ್ ಸುಮಾರು 5,000 ಕೋಟಿ ಡಾಲರ್, ಅದರಲ್ಲಿ ಬ್ರಿಟನ್ ಮತ್ತು ಅದರ ಸಾಮ್ರಾಜ್ಯಕ್ಕೆ ಹೋದದ್ದು 3,000 ಕೋಟಿಗೂ ಹೆಚ್ಚು. ಯುದ್ಧದ ನಂತರ ಅದರ ಲೆಕ್ಕ ತೀರುವಳಿಗೆ ಬ್ರಿಟನ್ನಿನಿಂದ ಕೇಳಿದ್ದು 65 ಕೋಟಿ. ಇಷ್ಟು ದೊಡ್ಡ ಮೊತ್ತ ಬಿಟ್ಟುಕೊಟ್ಟ ಸಾಲದಾತನನ್ನು ಚರಿತ್ರೆಯಲ್ಲಿ ಇನ್ನೊಬ್ಬನನ್ನು ತೋರಿಸಿ.

ಲೆಕ್ಕಿಗ

ಸಾಲ ಕೊಟ್ಟವರು ಯುದ್ಧ ಮುಗಿದ ತಕ್ಷಣ, 1945ರ ಆಗಸ್ಟ್‌ನಲ್ಲಿ, ಲೆಂಡ್-ಲೀಸನ್ನು ದಿಢೀರನೆ ನಿಲ್ಲಿಸಿದ್ದನ್ನೂ ಸೇರಿಸಿಕೊಳ್ಳಿ. ಆಗ ಬ್ರಿಟನ್ 375 ಕೋಟಿ ಡಾಲರ್ ಹೊಸ ಸಾಲವನ್ನು ಶೇ 2ರ ಬಡ್ಡಿಗೆ ಪಡೆಯಬೇಕಾಯಿತು. ಹಳೆಯ 65 ಕೋಟಿಯೂ ಅದರ ಜೊತೆ ಸೇರಿತು. ಕೊನೆಯ ಕಂತು ಕಟ್ಟಿದ್ದು 2006ರ ಡಿಸೆಂಬರ್ ಕೊನೆಗೆ.

ಯಂತ್ರಶಾಲೆ

ಹಣದ ಲೆಕ್ಕದಲ್ಲಿ ಕಾರ್ಖಾನೆ ಮರೆತುಹೋಯಿತು. ಲೆಂಡ್-ಲೀಸ್ ಬರುವ ಮೊದಲೇ ಅಮೆರಿಕದ ಯುದ್ಧ ಉದ್ಯಮಕ್ಕೆ ಅಡಿಪಾಯ ಹಾಕಿದ್ದು ಬ್ರಿಟಿಷ್ ಮತ್ತು ಫ್ರೆಂಚ್ ಹಣ. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ಕಾರ್ಖಾನೆಯ ವಿಸ್ತರಣೆಗೆ ಫ್ರಾನ್ಸಿನ ಆರ್ಡರ್‌ಗಳು ಬಂಡವಾಳ ಒದಗಿಸಿದವು. ಮುಂದೆ ಜರ್ಮನಿಯ ಆಕಾಶದಲ್ಲಿ ಹೆಸರು ಮಾಡಿದ ಮಸ್ಟಾಂಗ್ ಯುದ್ಧವಿಮಾನ ಹುಟ್ಟಿದ್ದೇ ಬ್ರಿಟಿಷ್ ಖರೀದಿ ಆಯೋಗದ ಬೇಡಿಕೆಯಿಂದ. ಅದರ ಮೊದಲ ಹಾರಾಟ 1940ರ ಅಕ್ಟೋಬರಿನಲ್ಲಿ. ಅದೇ ವರ್ಷದ ಕೊನೆಗೆ ಬ್ರಿಟನ್ 60 ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಾಗ ಕ್ಯಾಲಿಫೋರ್ನಿಯದ ರಿಚ್‌ಮಂಡ್ ಮತ್ತು ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹೊಸ ಹಡಗುಕಟ್ಟೆಗಳೇ ಎದ್ದವು. ಆ ಹಡಗಿನ ವಿನ್ಯಾಸವನ್ನು ಅಲ್ಪಸ್ವಲ್ಪ ಬದಲಿಸಿ ಅಮೆರಿಕ ಲಿಬರ್ಟಿ ಹಡಗುಗಳನ್ನು 2,700ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿತು. ಪರ್ಲ್ ಹಾರ್ಬರ್ ದಿನ ಅಮೆರಿಕದ ಬಳಿ ಓಡುತ್ತಿರುವ ಕಾರ್ಖಾನೆಗಳಿದ್ದರೆ ಅದಕ್ಕೆ ಕಾರಣ ಮಿತ್ರರಾಷ್ಟ್ರಗಳ ಗ್ರಾಹಕತನ. ಹಾಗಾಗಿ ತುಂಗಾತೀರ ಅವರ 1939ಕ್ಕೇ ನನ್ನ ಮತ.

ಬಸವನಗುಡಿಯವ

ಈ ಸರಪಳಿಯ ಒಂದು ಕೊಂಡಿ ನಮ್ಮ ಬೆಂಗಳೂರಿಗೂ ಬಂದಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಅಮೆರಿಕದ ವಿಮಾನ ವ್ಯಾಪಾರಿ ವಿಲಿಯಂ ಪಾಲಿ ಅವರ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಪಾಲಿ ಚೀನಾದಲ್ಲಿ ವಿಮಾನ ಜೋಡಣೆಯ ಕಾರ್ಖಾನೆ ನಡೆಸಿದ್ದವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರ ಜಾಗ ಮತ್ತು ಬಂಡವಾಳ ಕೊಟ್ಟು ಪಾಲುದಾರನಾಯಿತು. ಅಮೆರಿಕದ ಹಾರ್ಲೋ ತರಬೇತಿ ವಿಮಾನವನ್ನು 1941ರಲ್ಲೇ ಇಲ್ಲಿ ಜೋಡಿಸಿ ಹಾರಿಸಿದರು. 1942ರಲ್ಲಿ ಭಾರತ ಸರ್ಕಾರ ಆಡಳಿತ ವಹಿಸಿಕೊಂಡಿತು. ಮರುವರ್ಷ ಕಾರ್ಖಾನೆಯ ನಿರ್ವಹಣೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಅಸ್ಸಾಮಿನಿಂದ ಹಿಮಾಲಯದ ಕೊಡಿಗಳನ್ನು ದಾಟಿ ಚೀನಾಕ್ಕೆ ಸಾಮಗ್ರಿ ಹೊರುತ್ತಿದ್ದ ರಂಗದ ವಿಮಾನಗಳ ದುರಸ್ತಿ ಬೆಂಗಳೂರಿನಲ್ಲಿ ನಡೆಯಿತು. ಇಂದಿನ ಎಚ್‌ಎಎಲ್‌ಗೆ ದೊಡ್ಡ ಪ್ರಮಾಣದ ದುರಸ್ತಿ ಕೆಲಸದ ಕೈಚಳಕ ಬಂದದ್ದು ಆ ವರ್ಷಗಳಲ್ಲಿ.

ಆದರೆ ಭಾರತಕ್ಕೆ ತಟಸ್ಥವಾಗಿರುವ ಆಯ್ಕೆಯೇ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೊ ಇಲ್ಲಿಯ ಯಾವ ನಾಯಕರನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಘೋಷಿಸಿಬಿಟ್ಟರು. ಅಮೆರಿಕದವರು ಎರಡು ವರ್ಷ ಚರ್ಚಿಸಿದ್ದನ್ನು ನಮ್ಮ ಪರವಾಗಿ ಒಂದೇ ದಿನದಲ್ಲಿ ಮುಗಿಸಿದರು.

ಹೊಳೆಸಾಲು

ಅದರ ಜೊತೆಗೆ 1941ರ ಆಗಸ್ಟ್‌ನ ಅಟ್ಲಾಂಟಿಕ್ ಸನ್ನದನ್ನೂ ಸೇರಿಸಿ. ತಾವು ಯಾವ ಸರ್ಕಾರದ ಅಡಿಯಲ್ಲಿ ಬಾಳಬೇಕೆಂದು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಇದೆ ಎಂದು ರೂಸ್‌ವೆಲ್ಟ್ ಮತ್ತು ಚರ್ಚಿಲ್ ಒಟ್ಟಾಗಿ ಬರೆದರು. ಸೆಪ್ಟೆಂಬರ್ 9ರಂದು ಚರ್ಚಿಲ್ ಸಂಸತ್ತಿನಲ್ಲಿ ನಿಂತು, ಆ ಮಾತು ಮುಖ್ಯವಾಗಿ ನಾಜಿ ಆಳ್ವಿಕೆಗೆ ಸಿಕ್ಕ ಯುರೋಪಿನ ದೇಶಗಳಿಗೆ ಸಂಬಂಧಿಸಿದ್ದು, ಭಾರತ ಮತ್ತು ಬರ್ಮಾ ಬಗೆಗಿನ ನೀತಿಗೆ ಅದು ತಾಗುವುದಿಲ್ಲ ಎಂದರು. ಗಾಂಧೀಜಿ 1942ರ ಜುಲೈನಲ್ಲಿ ರೂಸ್‌ವೆಲ್ಟ್‌ಗೆ ಬರೆದ ಪತ್ರದಲ್ಲಿ ಈ ಟೊಳ್ಳುತನವನ್ನೇ ಎತ್ತಿ ತೋರಿಸಿದರು.

ಗಡಿಯಂಚು

ಸೋವಿಯತ್ ಒಕ್ಕೂಟದ ಬಗ್ಗೆ ಯಾರೂ ಮಾತಾಡಿಲ್ಲ. ಲೆಂಡ್-ಲೀಸ್‌ನಲ್ಲಿ ಎರಡನೆಯ ದೊಡ್ಡ ಪಾಲು, ಸುಮಾರು 1,100 ಕೋಟಿ ಡಾಲರ್, ಅವರದೇ. ನಾಲ್ಕು ಲಕ್ಷಕ್ಕೂ ಹೆಚ್ಚು ಟ್ರಕ್ ಮತ್ತು ಜೀಪುಗಳು ಹೋದವು. ಹೆಚ್ಚಿನವರಿಗೆ ಉತ್ತರ ಧ್ರುವ ಸಾಗರದ ಹಡಗು ಸಾಲುಗಳು ಮಾತ್ರ ಗೊತ್ತು. ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಭಾಗ ಹೋದದ್ದು ಪೆಸಿಫಿಕ್ ದಾಟಿ ವ್ಲಾಡಿವಾಸ್ಟಾಕ್ ಕಡೆಗೆ, ಸೋವಿಯತ್ ಧ್ವಜ ಹಾರಿಸಿದ ಹಡಗುಗಳಲ್ಲಿ, ಜಪಾನಿನ ಕಣ್ಣೆದುರಿಗೇ. ಜಪಾನ್ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ತಟಸ್ಥವಾಗಿದ್ದವು. ತಟಸ್ಥತೆಯ ವಿಚಿತ್ರಗಳಿಗೆ ಕೊನೆಯೇ ಇಲ್ಲ.

ಶಾಸನಪ್ರಿಯ

ಮತ್ತೆ ಅಟ್ಲಾಂಟಿಕ್‌ಗೆ ಬರೋಣ, ಏಕೆಂದರೆ ಕಡಲಹಕ್ಕಿಯವರು ಮಾರ್ಚ್ 1941ರ ನಂತರ ನಡೆದದ್ದು ಯುದ್ಧ ಎಂದರು. ಹಾಗೆಂದು ಅಮೆರಿಕದ ಸಂಸತ್ತಿಗೇ ಅನಿಸಿರಲಿಲ್ಲ. ಲೆಂಡ್-ಲೀಸ್ ಮಸೂದೆ ಪ್ರತಿನಿಧಿ ಸಭೆಯಲ್ಲಿ 260ಕ್ಕೆ 165, ಸೆನೆಟ್‌ನಲ್ಲಿ 60ಕ್ಕೆ 31 ಮತಗಳಿಂದ ಗೆದ್ದಿತು. ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ಸೋತ ವೆಂಡೆಲ್ ವಿಲ್ಕಿಯವರೇ ಬಂದು ಮಸೂದೆಯ ಪರವಾಗಿ ಸಾಕ್ಷಿ ನುಡಿದಿದ್ದರು. ಆದರೆ ಐದು ತಿಂಗಳ ನಂತರ, ಆಗಸ್ಟ್ 12ರಂದು, ಭರ್ತಿಯಾದ ಸೈನಿಕರ ಸೇವಾವಧಿ ವಿಸ್ತರಿಸುವ ಮಸೂದೆ ಅದೇ ಪ್ರತಿನಿಧಿ ಸಭೆಯಲ್ಲಿ ಉಳಿದದ್ದು 203ಕ್ಕೆ 202ರಿಂದ. ಶಸ್ತ್ರ ಕೊಡಲು ಸಿದ್ಧ, ಹುಡುಗರನ್ನು ಕೊಡಲು ಸಿದ್ಧವಿಲ್ಲ: ದೇಶದ ಮನಸ್ಸು ಅದು. ಆ ಕಾಲದ ಜನಾಭಿಪ್ರಾಯ ಸಮೀಕ್ಷೆಗಳೂ ಇದನ್ನೇ ಹೇಳುತ್ತಿದ್ದವು.

ಮೇಷ್ಟ್ರು_ನಿವೃತ್ತ

ಆ ಮನಸ್ಸನ್ನು ಬದಲಿಸಲು ಅಧ್ಯಕ್ಷರು ಏನು ಮಾಡಿದರು ಎಂಬುದನ್ನೂ ಬರೆಯಿರಿ. ಸೆಪ್ಟೆಂಬರ್ 4ರಂದು ಗ್ರೀರ್ ಎಂಬ ಅಮೆರಿಕನ್ ಡೆಸ್ಟ್ರಾಯರ್ ಐಸ್‌ಲ್ಯಾಂಡ್ ಬಳಿ ಜರ್ಮನ್ ಜಲಾಂತರ್ಗಾಮಿಯೊಂದನ್ನು ಗಂಟೆಗಟ್ಟಲೆ ಹಿಂಬಾಲಿಸಿ ಅದರ ಜಾಗವನ್ನು ಬ್ರಿಟಿಷ್ ವಿಮಾನಕ್ಕೆ ತಿಳಿಸುತ್ತಿತ್ತು. ವಿಮಾನ ಬಾಂಬು ಹಾಕಿದ ಮೇಲೆ ಜಲಾಂತರ್ಗಾಮಿ ಟಾರ್ಪಿಡೊ ಬಿಟ್ಟಿತು. ಒಂದು ವಾರದ ನಂತರ ರೇಡಿಯೊದಲ್ಲಿ ಮಾತನಾಡಿದ ರೂಸ್‌ವೆಲ್ಟ್, ಜರ್ಮನಿ ಮೊದಲು ಗುಂಡು ಹಾರಿಸಿತು ಎಂದರೇ ವಿನಾ ಹಿಂಬಾಲಿಸಿದ ಸಂಗತಿ ಹೇಳಲಿಲ್ಲ. ಅದೇ ಭಾಷಣದ ಬಲದಿಂದ ಕಂಡಲ್ಲಿ ಗುಂಡಿಕ್ಕುವ ಆಜ್ಞೆ ಬಂತು. ಉದ್ದೇಶ ಒಳ್ಳೆಯದಿರಬಹುದು. ಆದರೆ ಈ ಮಾರ್ಗವನ್ನು ಮುಂದಿನ ಅಧ್ಯಕ್ಷರು ಕಲಿತರು. ವಿಯೆಟ್ನಾಂ ಯುದ್ಧಕ್ಕೆ ನೆಪವಾದ 1964ರ ಟಾಂಕಿನ್ ಕೊಲ್ಲಿಯ ಪ್ರಸಂಗವನ್ನು ನೆನೆದುಕೊಳ್ಳಿ.

ಕಡಲಹಕ್ಕಿ

ಟಾಂಕಿನ್ ಜೊತೆ ಹೋಲಿಸುವುದು ಅನ್ಯಾಯ, ಮೇಷ್ಟ್ರೇ. ಅಟ್ಲಾಂಟಿಕ್‌ನ ಜಲಾಂತರ್ಗಾಮಿಗಳು ಕಲ್ಪನೆಯಲ್ಲ. ಅಕ್ಟೋಬರ್ 17ರಂದು ಕೆರ್ನಿ ನೌಕೆಯಲ್ಲಿ 11 ಜನ ಸತ್ತರು. ಅಕ್ಟೋಬರ್ 31ರಂದು ರೂಬೆನ್ ಜೇಮ್ಸ್ ಮುಳುಗಿ ನೂರಕ್ಕೂ ಹೆಚ್ಚು ನಾವಿಕರು ಹೋದರು. ಆಮೇಲೂ ಯುದ್ಧ ಘೋಷಣೆಯಾಗಲಿಲ್ಲ. ವ್ಯಾಪಾರಿ ಹಡಗುಗಳಿಗೆ ಫಿರಂಗಿ ಕಟ್ಟಿ ಯುದ್ಧವಲಯಕ್ಕೆ ಬಿಡುವ ನವೆಂಬರ್ ತಿದ್ದುಪಡಿ ಕೂಡ ಪ್ರತಿನಿಧಿ ಸಭೆಯಲ್ಲಿ 212ಕ್ಕೆ 194ರಿಂದ ಮಾತ್ರ ಗೆದ್ದಿತು.

ತುಂಗಾತೀರ

ಇಷ್ಟೆಲ್ಲ ಓದಿದ ಮೇಲೂ ನಾನು 1939ರಲ್ಲೇ ನಿಲ್ಲುತ್ತೇನೆ, ಆದರೆ ಕಾರಣ ತುಸು ಬೇರೆ. 1939ರ ತಿದ್ದುಪಡಿಯನ್ನು ಯುದ್ಧದಿಂದ ದೂರವಿಡುವ ಕ್ರಮ ಎಂದೇ ಜನರ ಮುಂದಿಟ್ಟರು. ಡೆಸ್ಟ್ರಾಯರ್ ವಿನಿಮಯವನ್ನೂ ಹಾಗೆಯೇ, ಲೆಂಡ್-ಲೀಸನ್ನೂ ಹಾಗೆಯೇ. ಬ್ರಿಟನ್ ನಿಂತಿದ್ದರೆ ನಾವು ಹೋಗಬೇಕಿಲ್ಲ ಎಂಬ ಒಂದೇ ವಾದ ಮೂರು ಬಾರಿಯೂ ಗೆದ್ದಿತು. ಆ ವಾದವನ್ನು ಮೊದಲು ಒಪ್ಪಿಸಿದ್ದು 1939ರಲ್ಲಿ, ಉಳಿದವು ಅದರ ಕಂತುಗಳು.

ಶಾಸನಪ್ರಿಯ

ಮೊದಲ ಕಂತು ಕಟ್ಟಿದವನು ಎರಡನೆಯದನ್ನು ಕಟ್ಟಲೇಬೇಕೆಂದು ಯಾವ ನಿಯಮವೂ ಇಲ್ಲ. ಫ್ರಾನ್ಸ್ ಬೀಳದಿದ್ದರೆ 1939ರ ಏರ್ಪಾಟೇ ಸಾಕಾಗುತ್ತಿತ್ತು. ನಾನು 1940 ಬಿಡುವುದಿಲ್ಲ.

ಬಸವನಗುಡಿಯವ

ಲೆಕ್ಕಿಗರೇ, ಒಂದು ಪ್ರಶ್ನೆ. ಲೆಂಡ್-ಲೀಸ್‌ನಲ್ಲಿ ಭಾರತಕ್ಕೆ ಅಮೆರಿಕ ಬೆಳ್ಳಿ ಕೊಟ್ಟಿತ್ತು ಎಂದು ಕೇಳಿದ್ದೇನೆ. ಅದು ಬಿಟ್ಟುಕೊಟ್ಟ ಲೆಕ್ಕಕ್ಕೆ ಸೇರಿತೋ, ವಾಪಸು ಹೋಯಿತೋ?

ಲೆಕ್ಕಿಗ

ವಾಪಸು ಹೋಯಿತು. ಯುದ್ಧಕಾಲದಲ್ಲಿ ಇಲ್ಲಿ ನಾಣ್ಯಕ್ಕೆ ಬೆಳ್ಳಿ ಸಾಲದಾದಾಗ ಅಮೆರಿಕ 22 ಕೋಟಿ ಔನ್ಸಿಗೂ ಹೆಚ್ಚು ಬೆಳ್ಳಿ ಕೊಟ್ಟಿತು. ಟ್ಯಾಂಕು, ವಿಮಾನಗಳ ಹಾಗೆ ಇದನ್ನು ಬಿಟ್ಟುಕೊಡಲಿಲ್ಲ; ಎಷ್ಟು ಔನ್ಸ್ ಕೊಟ್ಟಿತೋ ಅಷ್ಟೇ ಔನ್ಸ್ ಲೋಹವನ್ನೇ ಹಿಂದಿರುಗಿಸಬೇಕೆಂಬುದು ಕರಾರು. ದೇಶ ವಿಭಜನೆಯಾದಾಗ ಈ ಬಾಧ್ಯತೆಯೂ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಹಂಚಿಹೋಯಿತು. ನಮ್ಮ ಸರ್ಕಾರ ಬೆಳ್ಳಿ ಮಿಶ್ರಿತ ಹಳೆಯ ರೂಪಾಯಿ ನಾಣ್ಯಗಳನ್ನು ಚಲಾವಣೆಯಿಂದ ಹಿಂತೆಗೆದು, ಅವುಗಳಿಂದ ಬೆಳ್ಳಿ ಬೇರ್ಪಡಿಸಲು ಕಲ್ಕತ್ತದ ಅಲಿಪುರದಲ್ಲಿ ಶುದ್ಧೀಕರಣ ಘಟಕವನ್ನೇ ಕಟ್ಟಿ, 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕಕ್ಕೆ ತೂಗಿ ಕಳುಹಿಸಿತು. ತುಂಗಾತೀರ ಅವರು ಔದಾರ್ಯದ ಲೆಕ್ಕ ಬರೆಯುವಾಗ ಇದನ್ನೂ ಒಂದು ಸಾಲಿನಲ್ಲಿ ಸೇರಿಸಿಕೊಳ್ಳಬಹುದು.